ಡಿಯೆಂಗ್‌ನ ಕುದಿಯುವ ಕೆಸರು ಮತ್ತು ಬಾತುರ್ ದಾರಿಯ ಸಾವುಗಳು

ಬಾವಿ ಹೂಳೆತ್ತಿಸುವ ದಿನ ನಮ್ಮಜ್ಜ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಲಾಟೀನು ಹೊತ್ತಿಸಿ, ಹಗ್ಗಕ್ಕೆ ಕಟ್ಟಿ, ಮೆಲ್ಲಗೆ ಬಾವಿಯೊಳಗೆ ಇಳಿಬಿಡುವುದು. ನಾವು ಮಕ್ಕಳೆಲ್ಲ ಕಟ್ಟೆಗೆ ಎದೆಯೊತ್ತಿ ಬಗ್ಗಿ ನೋಡುತ್ತಿದ್ದೆವು. ದೀಪ ತಳದವರೆಗೂ ಉರಿದರೆ ಆಳು ಇಳಿಯುತ್ತಿದ್ದ. ಒಂದು ಬೇಸಿಗೆಯಲ್ಲಿ ಮಾತ್ರ ಲಾಟೀನು ಮುಕ್ಕಾಲು ಭಾಗ ಇಳಿಯುವಷ್ಟರಲ್ಲಿ ಉರಿ ಸಣ್ಣಗಾಯಿತು, ಮಂಕಾಯಿತು, ಯಾರೋ ಊದಿದ ಹಾಗೆ ಆರಿಹೋಯಿತು. ಬಾವಿಯಲ್ಲಿ ಏನೂ ಕಾಣುತ್ತಿರಲಿಲ್ಲ. ವಾಸನೆಯೂ ಇರಲಿಲ್ಲ. ಅಜ್ಜ ಹಗ್ಗ ಮೇಲೆಳೆದುಕೊಂಡು "ಇವತ್ತು ಬೇಡ" ಅಂದರು, ಅಷ್ಟೇ. ಮರುದಿನ ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ತುಂಬಾ ಹೊತ್ತು ಮೇಲೆ ಕೆಳಗೆ ಆಡಿಸಿ, ಮತ್ತೆ ಲಾಟೀನು ಬಿಟ್ಟು ನೋಡಿ, ಆಮೇಲೆ ಆಳನ್ನು ಇಳಿಸಿದರು.

ಜಾವಾ ದ್ವೀಪದ ಡಿಯೆಂಗ್‌ನಲ್ಲಿ 1979ರ ಫೆಬ್ರವರಿ 20ರ ಬೆಳಗ್ಗೆ ನಡೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಲಾಟೀನು. ಅವತ್ತು ಅಲ್ಲಿ ಸತ್ತವರು 142 ಜನ ಎಂದು ವಿಜ್ಞಾನಿಗಳು ಬರೆದರು. 149 ಎಂಬ ಲೆಕ್ಕವೂ ಇದೆ. ಕುದಿಯುವ ಕೆಸರಿನ ಹೊಂಡಗಳಿಗೆ ಹೆಸರಾದ ಊರು ಅದು. ಆದರೆ ಆ ಜನರ ಜೀವ ಹೋದದ್ದು ಕೆಸರಿನಿಂದಲ್ಲ. ಓಡಿಹೋಗುತ್ತಿದ್ದ ದಾರಿಯಲ್ಲಿ, ಉಸಿರು ಕಟ್ಟಿ ಸತ್ತರು. ಈ ಪ್ರಕರಣವನ್ನು ಪೂರ್ತಿ ಬಿಡಿಸಿ ಹೇಳಬೇಕು ಅಂತ ನನಗೆ ತುಂಬಾ ದಿನದಿಂದ ಇತ್ತು.

ಮೊದಲು ಜಾಗ ಎಂಥದ್ದು ಅಂತ ನೋಡೋಣ. ಡಿಯೆಂಗ್ ಇರುವುದು ಮಧ್ಯ ಜಾವಾದಲ್ಲಿ, ವೊನೊಸೊಬೊ ಮತ್ತು ಬಂಜಾರ್ನೆಗಾರಾ ಜಿಲ್ಲೆಗಳು ಸೇರುವ ಕಡೆ, ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಮೇಲೆ. ಭೂಮಧ್ಯರೇಖೆಯಿಂದ ಏಳು ಡಿಗ್ರಿ ದಕ್ಷಿಣಕ್ಕೆ, ಅಷ್ಟೇ. ಆದರೂ ಜುಲೈ, ಆಗಸ್ಟ್‌ನಲ್ಲಿ ಕೆಲವು ಬೆಳಗ್ಗೆ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿರುತ್ತದೆ. ಅಲ್ಲಿನ ರೈತರು ಅದನ್ನು 'ಎಂಬುನ್ ಉಪಾಸ್' ಎನ್ನುತ್ತಾರೆ. ವಿಷದ ಇಬ್ಬನಿ ಅಂತ ಅರ್ಥ. ಒಂದೇ ರಾತ್ರಿಯಲ್ಲಿ ಆಲೂಗಡ್ಡೆ ಗಿಡಗಳು ಸುಟ್ಟ ಹಾಗೆ ಕಪ್ಪಾಗಿಬಿಡುತ್ತವೆ. ವಿಷ ಎಂಬ ಮಾತು ಆ ಊರಿನ ಬಾಯಲ್ಲಿ ಹೀಗೆ ಇಬ್ಬನಿಗೂ ಅಂಟಿಕೊಂಡಿದೆ.

ಡಿಯೆಂಗ್ ಒಂದು ಬೆಟ್ಟ ಅಲ್ಲ, ಒಂದು ಜ್ವಾಲಾಮುಖಿಯೂ ಅಲ್ಲ. ಹಳೆಯ ಜ್ವಾಲಾಮುಖಿಗಳು ಕುಸಿದು ಉಳಿದ ಜಾಗ. ಸುಮಾರು 14 ಕಿಲೋಮೀಟರ್ ಉದ್ದ, 6 ಕಿಲೋಮೀಟರ್ ಅಗಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಣ್ಣ ಬಾಯಿಗಳಿವೆ. ಕೆಲವು ಈಗ ಕೆರೆ, ಕೆಲವು ಕೆಸರಿನ ಹೊಂಡ, ಇನ್ನು ಕೆಲವು ಬರೀ ಬೋಳು ನೆಲ. ಇವುಗಳ ನಡುವೆಯೇ ಊರುಗಳು, ಶಾಲೆಗಳು, ಮಸೀದಿಗಳು, ಗುಡ್ಡದ ನೆತ್ತಿಯವರೆಗೆ ಹತ್ತಿದ ಆಲೂಗಡ್ಡೆ ಹೊಲಗಳು.

ಜಾವಾದಲ್ಲಿ ಉಳಿದಿರುವ ಅತಿ ಹಳೆಯ ಶಿವಾಲಯಗಳ ಸಾಲಿಗೆ ಸೇರುವ ಗುಡಿಗಳೂ ಇಲ್ಲೇ ಇವೆ, ಸಾವಿರದ ಇನ್ನೂರು ವರ್ಷದಷ್ಟು ಹಳೆಯವು. ಅವುಗಳ ಹೆಸರು ಕೇಳಿದರೆ ನಮ್ಮ ಯಕ್ಷಗಾನದ ವೇಷಗಳ ಪಟ್ಟಿ ಓದಿದ ಹಾಗಿರುತ್ತದೆ. ಅರ್ಜುನ, ಭೀಮ, ಘಟೋತ್ಕಚ, ಪುಂತದೇವ ಅಂದರೆ ನಮ್ಮ ಧರ್ಮರಾಯ, ಸೆಂಬಾದ್ರಾ ಅಂದರೆ ಸುಭದ್ರೆ, ಶ್ರೀಕಂಡಿ ಅಂದರೆ ಶಿಖಂಡಿ. ಕಟ್ಟಿದವರು ಇಟ್ಟ ಹೆಸರುಗಳಲ್ಲ ಇವು. ಎಷ್ಟೋ ಕಾಲದ ನಂತರ ಜನ ತಮ್ಮ ತೊಗಲುಗೊಂಬೆ ಆಟದಿಂದ ತಂದು ಇಟ್ಟದ್ದು. ಒಂದು ಕುದಿಯುವ ಬಾಯಿಗೆ ಚಂದ್ರಾದಿಮುಕಾ ಅಂತ ಹೆಸರು. ಭೀಮನ ಮಗ ಘಟೋತ್ಕಚನನ್ನು ಕೂಸಿದ್ದಾಗಲೇ ದೇವತೆಗಳು ಅದರಲ್ಲಿ ಅದ್ದಿದರಂತೆ, ತಂತಿಯಂಥ ನರ, ಕಬ್ಬಿಣದಂಥ ಮೂಳೆ ಪಡೆದು ಎದ್ದು ಬಂದನಂತೆ. ನಮ್ಮ ಮಹಾಭಾರತದಲ್ಲಿ ಈ ಕಥೆ ಇಲ್ಲ. ಬುಸುಗುಟ್ಟುವ ನೆಲವನ್ನು ದಿನಾ ನೋಡುತ್ತಾ ಬದುಕುವವರಿಗೆ ಮಾತ್ರ ಇಂಥ ಕಥೆ ಹುಟ್ಟುತ್ತದೆ ಅನ್ನಿಸುತ್ತದೆ ನನಗೆ.

ಉಳಿದ ಹೆಸರುಗಳಲ್ಲೂ ನೋಡಿ ಕಂಡುಕೊಂಡದ್ದೇ ಇದೆ. ಪ್ರವಾಸಿಗರು ಜಾಸ್ತಿ ಹೋಗುವ ಹೊಂಡದ ಹೆಸರು ಸಿಕಿಡಾಂಗ್. ಕಿಡಾಂಗ್ ಅಂದರೆ ಜಿಂಕೆ. ಕುದಿಯುವ ಬಾಯಿ ಒಂದೇ ಕಡೆ ನಿಲ್ಲುವುದಿಲ್ಲ. ಇಲ್ಲಿ ಮುಚ್ಚಿ ಅಲ್ಲಿ ತೆರೆಯುತ್ತದೆ, ಜಿಂಕೆ ನೆಗೆದ ಹಾಗೆ. ಇನ್ನೊಂದು ಸಿಲೇರಿ. ಲೇರಿ ಅಂದರೆ ಅಕ್ಕಿ ತೊಳೆದ ನೀರು, ನಾವು ಅಕ್ಕಚ್ಚು ಅನ್ನುತ್ತೇವಲ್ಲ, ಅದೇ. ನೀರಿನ ಬಣ್ಣ ಥೇಟ್ ಹಾಗೇ ಇದೆ. ಆ ಹೆಸರು ಓದಿದಾಗ ನನಗೆ ಕೊಟ್ಟಿಗೆಯ ಬಾನಿ ಕಣ್ಣ ಮುಂದೆ ಬಂತು.

ಸರಿ, ಈ ಕೆಸರು ಕುದಿಯುವುದು ಹೇಗೆ? ಮಳೆ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಆಳದಲ್ಲಿ ಕರಗಿದ ಬಂಡೆಯ ಕಾವಿದೆ. ಕಾದ ನೀರು ಹಬೆಯಾಗಿ ಮೇಲೆ ಬರುವಾಗ ಜೊತೆಗೆ ಗ್ಯಾಸುಗಳನ್ನೂ ತರುತ್ತದೆ. ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಒಂದು, ಕೊಳೆತ ಮೊಟ್ಟೆ ವಾಸನೆಯದ್ದು. ಇದು ಮೇಲಿನ ನೀರು ಮತ್ತು ಗಾಳಿ ಸೇರಿದಾಗ ಗಂಧಕದ ಆಮ್ಲವಾಗುತ್ತದೆ. ಆಮ್ಲ ಬಂಡೆಯನ್ನು ತಿನ್ನುತ್ತದೆ. ವರ್ಷಗಟ್ಟಲೆ ತಿಂದು ತಿಂದು ಗಟ್ಟಿ ಬಂಡೆ ಮೆತ್ತನೆಯ ಜೇಡಿಯಾಗುತ್ತದೆ. ನೀರು ಧಾರಾಳ ಇದ್ದ ಕಡೆ ಅದು ಬಿಸಿನೀರಿನ ಬುಗ್ಗೆ. ನೀರು ಕಮ್ಮಿ, ಹಬೆ ಜಾಸ್ತಿ ಇದ್ದ ಕಡೆ ಕೆಸರಿನ ಹೊಂಡ. ಅಂದರೆ ಆ ಕೆಸರು ಎಲ್ಲಿಂದಲೋ ಉಕ್ಕಿ ಬಂದದ್ದಲ್ಲ, ಅಲ್ಲಿದ್ದ ಬಂಡೆಯೇ ಅದು.

ಸಿಕಿಡಾಂಗ್‌ನ ಬೇಲಿ ಪಕ್ಕ ನಿಂತು ನೋಡುವುದು ಗಂಜಿ ಬೇಯುವುದನ್ನು ನೋಡಿದ ಹಾಗೆ. ಬೂದು ಬಣ್ಣದ ಮೇಲ್ಮೈ ಒಂದು ಕಡೆ ನಿಧಾನ ಉಬ್ಬುತ್ತದೆ, ಉಬ್ಬಿದ್ದರ ಮೈ ತೆಳ್ಳಗಾಗುತ್ತದೆ, 'ಪ್ಲಕ್' ಅಂತ ಒಡೆದು ಸುತ್ತ ಉಂಗುರ ಹರಡುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಅಷ್ಟು ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಜನ ಅಲ್ಲಿ ಮೊಟ್ಟೆ ಬೇಯಿಸಿಕೊಂಡು ತಿನ್ನುತ್ತಾರೆ. ಮಳೆಗಾಲದಲ್ಲಿ ಕೆಸರು ಸಾರಿನ ಹಾಗೆ ತೆಳ್ಳಗೆ, ಬೇಸಿಗೆಯಲ್ಲಿ ಅಂಬಲಿಯ ಹಾಗೆ ಮಂದ.

ಅಂಡಮಾನಿಗೆ ಹೋದ ನಮ್ಮವರು ಬಾರಾಟಾಂಗ್‌ನ ಕೆಸರಿನ ಬುಗ್ಗೆ ನೋಡಿ ಬಂದಿರುತ್ತೀರಿ. ಇದನ್ನು ಅದರ ಜೊತೆ ಸೇರಿಸಬೇಡಿ. ಅದು ತಣ್ಣನೆಯ ಕೆಸರು. ಅಲ್ಲಿ ಕೆಳಗಿನ ಮಣ್ಣಿನ ಪದರಗಳಿಂದ ಮೀಥೇನ್ ಒತ್ತಿಕೊಂಡು ಬರುತ್ತದೆ, ಬೆಂಕಿಯ ಕಾವು ಅಲ್ಲ.

ಈಗ 1979ಕ್ಕೆ ಬರೋಣ.

ಡಿಯೆಂಗ್‌ನ ಪಶ್ಚಿಮ ಭಾಗದಲ್ಲಿ ಬಾತುರ್ ಎಂಬ ದೊಡ್ಡ ಊರಿದೆ. ಅದರ ಮೇಲ್ಗಡೆ ಸಿನಿಲಾ, ಸಿಗ್ಲುಡುಗ್, ತಿಂಬಾಂಗ್ ಎಂಬ ಬಾಯಿಗಳು. ಸಿನಿಲಾ ಹತ್ತಿರ ಕೆಪುಚುಕಾನ್ ಎಂಬ ಸಣ್ಣ ಹಳ್ಳಿ ಇತ್ತು. ಫೆಬ್ರವರಿ 20ರ ಬೆಳಗಿನ ಜಾವ, ಸುಮಾರು ಎರಡು ಗಂಟೆಗೆ ನೆಲ ನಡುಗಿತು. ಮುಕ್ಕಾಲು ಗಂಟೆ ಕಳೆದು ಇನ್ನೊಮ್ಮೆ. ನಾಲ್ಕು ಗಂಟೆ ಹೊತ್ತಿಗೆ ಮತ್ತೊಮ್ಮೆ. ಐದು ಗಂಟೆ ದಾಟುತ್ತಿದ್ದ ಹಾಗೆ ಸಿನಿಲಾ ಸಿಡಿಯಿತು. ಕಲ್ಲು, ಬಿಸಿ ಕೆಸರು, ಹಬೆ ಎಲ್ಲ ಮೇಲೆದ್ದವು, ಕೆಸರು ಇಳಿಜಾರಿನಲ್ಲಿ ಹರಿಯತೊಡಗಿತು.

ಇಂಥ ಸಿಡಿತದಲ್ಲಿ ಹೊಸ ಲಾವಾ ಬರುವುದಿಲ್ಲ. ನೆಲದೊಳಗೆ ಕಾದು ಒತ್ತಡದಲ್ಲಿರುವ ನೀರಿಗೆ ದಾರಿ ಸಿಕ್ಕಿದರೆ ಸಾಕು, ಒಮ್ಮೆಲೇ ಹಬೆಯಾಗಿ ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ. ಕುಕ್ಕರಿನ ಮುಚ್ಚಳ ಹಾರಿದ ಹಾಗೆ ಅನ್ನಿ. ಆಗಲೇ ಹೇಳಿದ ಜೇಡಿಯೇ ಇಲ್ಲಿ ಬಿರುಕುಗಳನ್ನು ಮುಚ್ಚಿ ಮುಚ್ಚಳದ ಕೆಲಸ ಮಾಡುತ್ತದೆ. ದೊಡ್ಡ ಜ್ವಾಲಾಮುಖಿ ಎದ್ದೇಳುವಾಗ ವಾರಗಟ್ಟಲೆ ಕೊಡುವ ಸೂಚನೆಗಳು ಇದರಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ.

ಕೆಪುಚುಕಾನಿನ ಜನ ಎದ್ದು ಹೊರಗೆ ಬಂದರು. ರಾತ್ರಿಯಿಂದ ಮೂರು ಸಲ ನೆಲ ನಡುಗಿದೆ, ಈಗ ಪಕ್ಕದಲ್ಲೇ ಸ್ಫೋಟ, ಕತ್ತಲೆ ಇನ್ನೂ ಪೂರ್ತಿ ಹರಿದಿಲ್ಲ. ಏನು ಮಾಡುತ್ತಾರೆ? ಮಕ್ಕಳನ್ನು ಎತ್ತಿಕೊಂಡರು, ಸಿಡಿಯುತ್ತಿರುವ ಬಾಯಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ, ಕೆಳಗಿನ ಬಾತುರ್ ಕಡೆಗೆ ಹೊರಟರು. ಅಲ್ಲಿ ದೊಡ್ಡ ಊರಿದೆ, ನೆಂಟರಿದ್ದಾರೆ, ರಸ್ತೆ ಇದೆ. ಆ ದಾರಿಯಲ್ಲೇ ನೆಲ ಬಿರಿದಿತ್ತು. ಬಿರುಕಿನಿಂದ ಕಾರ್ಬನ್ ಡೈ ಆಕ್ಸೈಡ್ ಹೊರಗೆ ಹರಿಯುತ್ತಿತ್ತು. ಒಬ್ಬರ ಹಿಂದೆ ಒಬ್ಬರು ದಾರಿಯಲ್ಲೇ ಬಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು.

ಕಾರ್ಬನ್ ಡೈ ಆಕ್ಸೈಡ್ ನಾವು ದಿನಾ ಉಸಿರಾಡುವ ಗಾಳಿಯಲ್ಲೂ ಇದೆ, ಶೇಕಡಾ 0.04ರಷ್ಟು. ಸೋಡಾದಲ್ಲಿ ಬುರುಗು ಬರಿಸುವುದೂ ಅದೇ. ಆದರೆ ಶೇಕಡಾ 10 ದಾಟಿದರೆ ಕೆಲವು ನಿಮಿಷಕ್ಕೆ ಎಚ್ಚರ ತಪ್ಪುತ್ತದೆ. ಶೇಕಡಾ 30 ಆದರೆ ಕೆಲವೇ ಉಸಿರು ಸಾಕು. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ. ಹಾಗಾಗಿ ಅದು ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ಇಳಿಜಾರು ಹಿಡಿಯುತ್ತದೆ, ತಗ್ಗು ಸಿಕ್ಕಿದ ಕಡೆ ತುಂಬಿಕೊಳ್ಳುತ್ತದೆ. ಬೆಳಗಿನ ಜಾವದ ಚಳಿಯಲ್ಲಿ ಬೆಟ್ಟದ ತಗ್ಗುಗಳಲ್ಲಿ ಗಾಳಿ ಆಡುವುದು ಕಮ್ಮಿ. ಬಿಸಿಲು ಬಂದು ಗಾಳಿ ಏಳುವವರೆಗೂ ಅದು ಹಾಗೇ ನಿಂತಿರಬಹುದು. ನಮ್ಮಜ್ಜನ ಬಾವಿಯಲ್ಲಿ ನಿಂತಿತ್ತಲ್ಲ, ಹಾಗೆ.

ಇನ್ನೊಂದು ವಿಷಯ ಯೋಚಿಸಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಈ ಗ್ಯಾಸು ಸೊಂಟದೆತ್ತರ ನಿಂತಿದೆ ಅಂದುಕೊಳ್ಳಿ. ದೊಡ್ಡವರ ಮೂಗು ಅದರ ಮೇಲಿರುತ್ತದೆ, ನಡೆಯುವ ಮಗುವಿನದ್ದು ಒಳಗೆ. ಮಗು ಕುಸಿಯುತ್ತದೆ. ಅಪ್ಪನೋ ಅಮ್ಮನೋ ಎತ್ತಿಕೊಳ್ಳಲು ಬಗ್ಗುತ್ತಾರೆ. ಬಗ್ಗಿದ ತಕ್ಷಣ ಅವರ ಮುಖವೂ ಅದರೊಳಗೆ. ಯಾರು ಬಗ್ಗದೆ ಇರುತ್ತಾರೆ ಹೇಳಿ?

"ಗಾಬರಿಯಲ್ಲಿ ತಪ್ಪು ದಿಕ್ಕಿಗೆ ಓಡಿದರು" ಅಂತ ಈ ಪ್ರಕರಣವನ್ನು ಒಂದೇ ಸಾಲಿನಲ್ಲಿ ಮುಗಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಓಡಿದ ಜನರಿಗೆ ಕಂಡದ್ದು ಸಿಡಿಯುವ ಬಾಯಿ ಮತ್ತು ಹರಿಯುವ ಬಿಸಿ ಕೆಸರು. ಅದರಿಂದ ದೂರ ಹೋಗುವುದೇ ಸರಿ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಮನೆಯಲ್ಲೇ ಉಳಿಯಿರಿ ಅಂತ ಅವರಿಗೆ ಹೇಳುವವರು ಯಾರಿದ್ದರು? ಕಾಣುವ ಅಪಾಯಕ್ಕೆ ಅವರು ಮಾಡಿದ್ದು ಸರಿಯಾದ ಲೆಕ್ಕ. ಕಾಣದ್ದು ಅವರ ಲೆಕ್ಕದಲ್ಲಿ ಇರಲಿಲ್ಲ.

ವಾಸನೆಯೂ ಮೋಸ ಮಾಡುತ್ತದೆ. ಇಂಥ ಊರಿನವರು ಕೊಳೆತ ಮೊಟ್ಟೆ ವಾಸನೆ ಬಂದರೆ ಹುಷಾರಾಗುತ್ತಾರೆ. ಬಾತುರ್ ದಾರಿಯಲ್ಲಿ ಬಂದದ್ದು ಹೆಚ್ಚುಕಮ್ಮಿ ಬರೀ ಕಾರ್ಬನ್ ಡೈ ಆಕ್ಸೈಡ್. ಹೋಗಲಿ, ಹೈಡ್ರೋಜನ್ ಸಲ್ಫೈಡ್ ಇದ್ದರೂ ಅದು ತುಂಬಾ ಜಾಸ್ತಿ ಆದಾಗ ಮೂಗನ್ನೇ ಮರಗಟ್ಟಿಸುತ್ತದೆ, ವಾಸನೆ ಹೋಯಿತು ಅಂತ ಸಮಾಧಾನಪಟ್ಟುಕೊಂಡ ಹೊತ್ತೇ ಅತಿ ಕೆಟ್ಟ ಹೊತ್ತಾಗಿರುತ್ತದೆ.

ಜ್ವಾಲಾಮುಖಿ ವಿಜ್ಞಾನಿಗಳಿಗೂ ಈ ಘಟನೆ ಕಣ್ಣು ತೆರೆಸಿತು. ಫ್ರಾನ್ಸಿನ ಲ ಗೆರ್ನ್, ಹಾರೂನ್ ತಾಜಿಯೆಫ್ ಮತ್ತು ಇನ್ನೊಬ್ಬ ಸಂಗಾತಿ ಇದನ್ನು ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದರು. ಸಾವಿಗೆ ಕಾರಣ ಕಾರ್ಬನ್ ಡೈ ಆಕ್ಸೈಡ್ ಅಂತ ಅವರು ಬರೆದರು. ಅದಾಗಿ ನಾಲ್ಕು ವರ್ಷಕ್ಕೆ, 1986ರ ಆಗಸ್ಟ್‌ನಲ್ಲಿ, ಆಫ್ರಿಕಾದ ಕ್ಯಾಮರೂನಿನ ನ್ಯೋಸ್ ಕೆರೆಯಿಂದ ಇದೇ ಗ್ಯಾಸು ಉಕ್ಕಿ ಕಣಿವೆಗಳಲ್ಲಿ ಹರಿದು ಒಂದೇ ರಾತ್ರಿ 1700ರಷ್ಟು ಜನರನ್ನು ಕೊಂದಿತು. ಜಗತ್ತಿಗೆ ನ್ಯೋಸ್ ಗೊತ್ತು. ಸಿನಿಲಾ ಗೊತ್ತಿರುವವರು ಕಮ್ಮಿ.

ಆದರೆ ಡಿಯೆಂಗ್‌ಗೆ ಇದು ಮೊದಲನೆಯದ್ದೂ ಆಗಿರಲಿಲ್ಲ. 1928ರಲ್ಲಿ ಇದೇ ಬಾತುರ್ ಸುತ್ತ ನೆಲ ಸಿಡಿದು ಜನ ಸತ್ತಿದ್ದರು, 1939ರಲ್ಲೂ ಅದೇ ಆಗಿತ್ತು. 1944ರಲ್ಲಿ ಸಿಲೇರಿ ಸಿಡಿದು ಐವತ್ತಕ್ಕೂ ಹೆಚ್ಚು ಜೀವ ಹೋಗಿತ್ತು. 1939ರಿಂದ 1979, ನಲವತ್ತು ವರ್ಷ. ಹತ್ತು ವರ್ಷದ ಹುಡುಗ ಐವತ್ತರವನಾಗುವಷ್ಟು ಕಾಲ. ಊರಿನ ನೆನಪು ಕರಗಲು ಅಷ್ಟು ಸಾಕು. ನನ್ನ ದೂರು ಏನಾದರೂ ಇದ್ದರೆ ಅದು ಇಲ್ಲಿದೆ. ಓಡಿದವರ ಮೇಲೆ ಅಲ್ಲ, ಗೊತ್ತಿದ್ದದ್ದನ್ನು ಮುಂದಿನವರ ಕಿವಿಗೆ ಹಾಕದ ವ್ಯವಸ್ಥೆಯ ಮೇಲೆ.

ನಮ್ಮಲ್ಲೂ ಇದು ನಡೆಯುತ್ತಲೇ ಇದೆ, ಅಲ್ವಾ? ಹಾಳು ಬಾವಿಗೆ, ಮ್ಯಾನ್‌ಹೋಲಿಗೆ, ಮಲದ ಗುಂಡಿಗೆ ಒಬ್ಬ ಇಳಿಯುತ್ತಾನೆ, ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ಆಮೇಲೆ ಪಕ್ಕದ ಮನೆಯವನು. ಗ್ಯಾಸು ಬೇರೆ ಬೇರೆ ಇರಬಹುದು. ಬಗ್ಗುವ ಕೈ ಒಂದೇ.

ಸಿನಿಲಾ ಆದ ಮೇಲೆ ಡಿಯೆಂಗ್‌ನಲ್ಲಿ ಏನು ಬದಲಾಯಿತು ಅಂತ ನೋಡಿದರೆ ತಿಂಬಾಂಗ್ ಕಥೆ ಮುಖ್ಯ. 2011ರ ಮೇ ತಿಂಗಳಲ್ಲಿ ತಿಂಬಾಂಗ್ ಹತ್ತಿರ ನಡುಕ ಶುರುವಾಯಿತು, ಕಾರ್ಬನ್ ಡೈ ಆಕ್ಸೈಡ್ ಏರತೊಡಗಿತು. ಇಂಡೋನೇಷ್ಯಾದ ಜ್ವಾಲಾಮುಖಿ ಇಲಾಖೆ ಕೆಲವೇ ದಿನಗಳಲ್ಲಿ ಎಚ್ಚರಿಕೆಯನ್ನು ಮೂರನೇ ಹಂತಕ್ಕೆ ಏರಿಸಿತು, ಅಲ್ಲಿ ಇರುವುದೇ ನಾಲ್ಕು ಹಂತ. ಬಾಯಿಯ ಸುತ್ತ ಒಂದು ಕಿಲೋಮೀಟರ್ ಖಾಲಿ ಮಾಡಿಸಿದರು, ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಗ್ಯಾಸು ಬಂತು, ಹೋಯಿತು. 1979ರಂಥ ದಿನ ಮತ್ತೆ ಬರಲಿಲ್ಲ. 2013ರಲ್ಲಿ ಮತ್ತೊಮ್ಮೆ ಹಾಗೇ ಆಯಿತು. ಪೇಪರಿನಲ್ಲಿ ಇದು ದೊಡ್ಡ ಸುದ್ದಿ ಆಗುವುದಿಲ್ಲ, ಯಾರೂ ಸಾಯಲಿಲ್ಲ ಅನ್ನುವುದು ಸುದ್ದಿಯೇ ಅಲ್ಲ ನೋಡಿ. ಆದರೆ ನನಗೆ ಈ ಪ್ರಕರಣದಲ್ಲಿ ಅತಿ ಸಮಾಧಾನ ಕೊಟ್ಟ ಭಾಗ ಇದು.

ಗ್ಯಾಸನ್ನು ಅಳೆಯಬಹುದು, ಸಿಡಿತವನ್ನು ಮೊದಲೇ ಹೇಳುವುದು ಕಷ್ಟ. 2017ರ ಜುಲೈ 2, ಭಾನುವಾರ. ಈದ್ ಮುಗಿದ ವಾರ, ಸಿಲೇರಿ ಸುತ್ತ ರಜೆಗೆ ಬಂದ ಜನ. ಆ ಅಕ್ಕಚ್ಚಿನ ಕೆರೆ ಇದ್ದಕ್ಕಿದ್ದ ಹಾಗೆ ಸಿಡಿದು ಕೆಸರು ಹತ್ತಾರು ಮೀಟರ್ ಮೇಲೆ ಹಾರಿತು. ಹಲವರಿಗೆ ಗಾಯವಾಯಿತು. ಸಹಾಯಕ್ಕೆ ಹೊರಟ ಹೆಲಿಕಾಪ್ಟರ್ ದಾರಿಯಲ್ಲಿ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ ಎಂಟು ಜನರೂ ಸತ್ತರು. ಸಿಡಿತದಲ್ಲಿ ಹೋಗದ ಜೀವಗಳು ಕಾಪಾಡಲು ಹೋಗುವಾಗ ಹೋದವು.

ಇಷ್ಟೆಲ್ಲ ಇದ್ದರೂ ಅಲ್ಲಿ ಯಾಕೆ ಇರುತ್ತಾರೆ ಅಂತ ಕೇಳುವವರಿದ್ದಾರೆ. ಮಣ್ಣು ನೋಡಿದರೆ ಗೊತ್ತಾಗುತ್ತದೆ. ಬೂದಿ ಬಿದ್ದು ಹದಗೊಂಡ ಕಪ್ಪು ಮಣ್ಣು, ತಂಪು ಹವೆ, ನೀರು. ಆಲೂಗಡ್ಡೆ, ಎಲೆಕೋಸು ಚೆನ್ನಾಗಿ ಬರುತ್ತವೆ. ಕಾರಿಕಾ ಅಂತ ಪುಟ್ಟ ಬೆಟ್ಟದ ಪಪ್ಪಾಯಿ ಬೆಳೆದು ಸಕ್ಕರೆ ಪಾಕದಲ್ಲಿ ಹಾಕಿ ಮಾರುತ್ತಾರೆ. ಅದೇ ಕಾವಿನಿಂದ ಕರೆಂಟೂ ಬರುತ್ತದೆ. ಆಳದ ಕೊಳವೆಬಾವಿಗಳಿಂದ ಹಬೆ ತೆಗೆದು ನಡೆಸುವ 60 ಮೆಗಾವಾಟಿನ ಸ್ಥಾವರ ಇದೆ, ದಪ್ಪ ಪೈಪುಗಳು ಆಲೂಗಡ್ಡೆ ಸಾಲುಗಳ ಪಕ್ಕದಲ್ಲೇ ಹಾದುಹೋಗುತ್ತವೆ. ಆ ಹಬೆಯಲ್ಲೂ ಅದೇ ಗ್ಯಾಸುಗಳಿವೆ, ಹಾಗಾಗಿ ಪೈಪಿನ ಪಕ್ಕದ ಹೊಲದವರ ಆತಂಕವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಕೆಪುಚುಕಾನ್ ಎಂಬ ಹಳ್ಳಿ ಈಗ ಇಲ್ಲ. ಆದರೆ ತಿಂಬಾಂಗ್ ಸುತ್ತ ಹೊಲಗಳಿವೆ, ದಿನಾ ಬೆಳಗ್ಗೆ ಜನ ಗುದ್ದಲಿ ಹಿಡಿದು ಹೋಗುತ್ತಾರೆ. ಆ ಹೊಲಗಳವರಿಗೆ ಜ್ವಾಲಾಮುಖಿ ಇಲಾಖೆ ಕೊಟ್ಟ ಒಂದು ಸಲಹೆ ಇದೆ. ಅಗೆಯುವುದಾದರೆ ಒಂದು ಮೀಟರ್ ಒಳಗೆ ಅಗೆಯಿರಿ, ಅದಕ್ಕಿಂತ ಆಳ ಹೋದರೆ ಗ್ಯಾಸು ಹೊರಗೆ ಬರಬಹುದು. ಆಲೂಗಡ್ಡೆ ನೆಡಲು ಅಷ್ಟು ಆಳ ಬೇಕಾಗುವುದಿಲ್ಲ, ಒಂದು ಗೇಣು ಸಾಕು.